ಬ್ರಿಜ್: ಎದುರಾಳಿ 1 ನೋ ಟ್ರಂಪ್ ಹೇಳಿದರೆ ನನಗೆ ಎಷ್ಟು ಪಾಯಿಂಟ್ ಬೇಕು?

ಪ್ರಶ್ನೆ: ಬ್ರಿಜ್ ಇಸ್ಪೀಟಾಟದಲ್ಲಿ ಬಲಗಡೆಯ ಎದುರಾಳಿ 15–17 ಪಾಯಿಂಟಿನ 1 ನೋ ಟ್ರಂಪ್ (ತುರುಪಿಲ್ಲದೆ ಏಳು ಟ್ರಿಕ್ ಗೆಲ್ಲುತ್ತೇವೆ ಎಂಬ ಬಿಡ್) ಹೇಳಿದ ಮೇಲೆ ನಾನು ಬಾಯಿ ಬಿಡಲು ಎಷ್ಟು ಪಾಯಿಂಟ್ ಇರಬೇಕು?

ಮತ್ತೆ ಅದೇ ಪ್ರಶ್ನೆ, ಉತ್ತರವೂ ಅದೇ: ಮೊದಲು ಎಲೆಗಳ ಹಂಚಿಕೆ ನೋಡಿ, ಪಾಯಿಂಟ್ (ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1) ಆಮೇಲೆ. ಆರೆಲೆಯ ಗಟ್ಟಿ ಸೂಟೋ, 5-4ರ ಎರಡು ಸೂಟೋ ಇದ್ದರೆ ಹೇಳಿ. ನಾಲ್ಕು ಸೂಟುಗಳ ಎಲೆಗಳು 5-3-3-2 ಆದರೆ ಸುಮ್ಮನಿರಿ.

ಆದರೂ "ಅವರ ಹತ್ತಿರ 16 ಇದೆ, ನನಗೂ 16 ಬೇಕಲ್ಲವೇ" ಎಂಬ ನಂಬಿಕೆ ಸಾಯುವುದೇ ಇಲ್ಲ. ಈ ಕೈ ನೋಡಿ: ಸ್ಪೇಡ್ ಎಕ್ಕ-ಗುಲಾಮ-4, ಹಾರ್ಟ್ ರಾಜ-ರಾಣಿ-6, ಡೈಮಂಡ್ ರಾಜ-ರಾಣಿ-5-2, ಕ್ಲಬ್ ರಾಣಿ-7-3. 17 ಪಾಯಿಂಟ್, ಡಬಲ್ (ಅವರು ಸೋತರೂ ಗೆದ್ದರೂ ಅಂಕ ಹೆಚ್ಚಿಸುವ ಕರೆ) ಹೇಳಲು ನಾಲಿಗೆ ತುರಿಸುತ್ತದೆ. ಲೆಕ್ಕ ಹಾಕಿ. 40ರಲ್ಲಿ ನಿಮ್ಮದು 17, ಅವರದು ಸುಮಾರು 16. ಉಳಿದ ಏಳನ್ನು ಇಬ್ಬರಿಗೆ ಹಂಚಿದರೆ ಪಾರ್ಟ್ನರ್ ಪಾಲಿಗೆ ಮೂರೋ ನಾಲ್ಕೋ. ಪಾರ್ಟ್ನರ್ ಕೈಗೆ ಆಟ ಹೋಗುವುದೇ ಕಷ್ಟ. ಪ್ರತಿ ಸಲ ನೀವೇ ಲೀಡ್ ಮಾಡಬೇಕು, ಮಾಡಿದಾಗಲೆಲ್ಲ ಟ್ರಿಕ್ ಬಿಟ್ಟುಕೊಡುವ ಭಯ. ಡಬಲ್ ಆದ ಮೇಲೆ ಎದುರಾಳಿಗಳು ಗೆದ್ದರೆ ಅವರಿಗೆ 90 ಅಂಕದ ಜಾಗದಲ್ಲಿ 180. ಪಾಸ್ ಮಾಡಿ.

ಈಗ 14ರ ಕೈ: ಸ್ಪೇಡ್ ರಾಜ-ರಾಣಿ-ಗುಲಾಮ-10-8-7, ಹಾರ್ಟ್ ಎಕ್ಕ-3, ಡೈಮಂಡ್ ಎಕ್ಕ-6-4, ಕ್ಲಬ್ 5-2. ಸ್ಪೇಡ್ ರಾಜ ಆಡಿ ಎಕ್ಕ ಹೊರಡಿಸಿದರೆ ಐದು ಸ್ಪೇಡ್, ಎರಡು ಎಕ್ಕ: ಏಳು ಟ್ರಿಕ್, ಅವರು ಡೌನ್ (ಹೇಳಿದಷ್ಟು ಟ್ರಿಕ್ ಸಿಗದೆ ಸೋಲು). ಡಬಲ್ ಹೇಳಬೇಕಾದದ್ದು ಇಲ್ಲಿ. ಮೂರು ಪಾಯಿಂಟ್ ಕಡಿಮೆಯ ಕೈ ಮೇಲಾಯಿತಲ್ಲ!

ಹತ್ತೇ ಪಾಯಿಂಟಿನ ಕೈಯಲ್ಲೂ ಮಾತಾಡಬಹುದು: ಸ್ಪೇಡ್ ರಾಜ-ರಾಣಿ-10-8-4, ಹಾರ್ಟ್ ಎಕ್ಕ-ಗುಲಾಮ-9-5, ಡೈಮಂಡ್ 7-2, ಕ್ಲಬ್ 6-3. ಆಲ್ವಿನ್ ಲ್ಯಾಂಡಿ ಹೆಸರಿನ ಲ್ಯಾಂಡಿ ಪದ್ಧತಿಯಲ್ಲಿ 2 ಕ್ಲಬ್ ಎಂದರೆ ಸ್ಪೇಡ್, ಹಾರ್ಟ್ ಎರಡೂ ಇವೆ ಎಂದರ್ಥ. ಎರಡರಲ್ಲೂ ಸಮಸಮ ಇದ್ದರೆ ಪಾರ್ಟ್ನರ್ 2 ಡೈಮಂಡ್ ಹೇಳಲಿ, ಉದ್ದದ್ದನ್ನು ನೀವು ಆರಿಸಿ. ಇದನ್ನು ಮೊದಲೇ ಇಬ್ಬರೂ ಮಾತಾಡಿಕೊಂಡಿರಬೇಕು, ಇಲ್ಲದಿದ್ದರೆ ಎರಡೆಲೆ ಕ್ಲಬ್ ಹಿಡಿದು 2 ಕ್ಲಬ್ ಆಡುವ ಗತಿ ಬರುತ್ತದೆ.

ನೀವು ವಲ್ನರಬಲ್ (ಸೋತರೆ ದಂಡ ಹೆಚ್ಚಾಗುವ ಸ್ಥಿತಿ) ಅಲ್ಲದಿದ್ದರೆ ಒಂದು ಡೌನ್‌ಗೆ ಕಳೆಯುವುದು 50, ಅವರ 90ಕ್ಕಿಂತ ಅಗ್ಗ. ವಲ್ನರಬಲ್ ಆದರೆ 100, ಡಬಲ್ ಬಿದ್ದರೆ 200. ಪೇರ್ಸ್ ಆಟದಲ್ಲಿ (ಅದೇ ಎಲೆಗಳನ್ನು ಆಡಿದ ಬೇರೆ ಜೋಡಿಗಳ ಜೊತೆ ಅಂಕ ಹೋಲಿಸುವ ಸ್ಪರ್ಧೆ) ಆ 200 ಕಳೆದರೆ ಆ ಬೋರ್ಡಿನ, ಅಂದರೆ ಆ ಹಂಚಿಕೆಯ, ಆಸೆ ಬಿಡಿ. ಆಗ ಸೂಟಿನ ಒಳಗೆ 10, 9 ಇವೆಯೇ ಎಂದು ಇನ್ನೊಮ್ಮೆ ನೋಡಿಕೊಳ್ಳಿ.

ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಇಂಗ್ಲೆಂಡಿನ ಏಕಾಲ್ ಬಿಡ್ಡಿಂಗ್ ಪದ್ಧತಿ ಆಡುವವರ 1 ನೋ ಟ್ರಂಪ್ ಸಾಮಾನ್ಯವಾಗಿ 12–14. ಅದರೆದುರು ಮೇಲಿನ 17ರ ಕೈಗೆ ಡಬಲ್ಲೇ ಸರಿ. ಉಳಿಯುವ ಹತ್ತರಲ್ಲಿ ಪಾರ್ಟ್ನರ್‌ಗೆ ಐದರಷ್ಟು ಬಂದರೆ ನಿಮ್ಮ ಕಡೆ 22. ಸಮತೂಕದ ಐದು ಪಾಯಿಂಟ್ ಇದ್ದ ಪಾರ್ಟ್ನರ್ ಹೆದರಿ 2 ಹಾರ್ಟ್‌ಗೆ ಓಡಬಾರದು, ಪಾಸ್ ಮಾಡಿ ಕೂರಬೇಕು. ಓಡುವುದು ಐದೆಲೆಯ ಸೂಟ್ ಇದ್ದು ಪಾಯಿಂಟೇ ಇಲ್ಲದಾಗ ಮಾತ್ರ.