ಕಣ್ಣು ಮುಚ್ಚಿದ್ರೆ ಬ್ಯಾಲೆ ಡ್ಯಾನ್ಸರ್ ಬ್ಯಾಲೆನ್ಸ್ ಏನಾಗುತ್ತೆ?

ಚಿಕ್ಕವರಿದ್ದಾಗ ಅಂಗಳದಲ್ಲಿ ಗಿರಗಿರ ತಿರುಗಿ ದಪ್ ಅಂತ ಕೂತ್ಕೊಳ್ಳೋ ಆಟ ಆಡಿದೀರಲ್ವಾ, ನಾವು ನಿಂತ್ರೂ ಮನೆ ಮರ ಎಲ್ಲಾ ಸುತ್ತುತ್ತಾನೇ ಇರೋದು. ಒಳಕಿವಿಯಲ್ಲಿ ಮೂರು ಅರ್ಧವೃತ್ತದ ನಾಳಗಳಿವೆ, ಅದರೊಳಗೆ ದ್ರವ ಇದೆ, ತಂಬಿಗೆ ತಿರುಗಿಸಿ ತಟ್ಟನೆ ನಿಲ್ಲಿಸಿದ್ರೂ ಒಳಗಿನ ನೀರು ಹೇಗೆ ಸುತ್ತುತ್ತಾ ಇರುತ್ತೋ ಹಾಗೇ ತಲೆ ನಿಂತ ಮೇಲೂ ಆ ದ್ರವ ಸರಿದು 'ಇನ್ನೂ ತಿರುಗ್ತಿದೀನಿ' ಅಂತ ಮೆದುಳಿಗೆ ಸುದ್ದಿ ಕಳಿಸುತ್ತೆ. ಬ್ಯಾಲೆ ಡ್ಯಾನ್ಸರ್‌ಗೂ ಇರೋದು ಇದೇ ಕಿವಿ. ಆದ್ರೂ 1895ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಪಿಯೆರಿನಾ ಲೆನ್ಯಾನಿ ಅನ್ನೋ ಇಟಲಿಯ ಡ್ಯಾನ್ಸರ್ 'ಸ್ವಾನ್ ಲೇಕ್' ಅನ್ನೋ ಬ್ಯಾಲೆಯಲ್ಲಿ ಒಂದೇ ಕಾಲ ಮೇಲೆ ಒಂದೇ ಸಮನೆ 32 ಸುತ್ತು ಹಾಕಿದ್ರು, ಇವತ್ತಿಗೂ ಅವರು ಮಾಡಿದ ಪಾತ್ರ ಮಾಡೋರಿಂದ ಜನ ಅದನ್ನೇ ನಿರೀಕ್ಷಿಸ್ತಾರೆ.

ಇದಕ್ಕೆ ಅವರು ಕಣ್ಣನ್ನ ಬಳಸೋ ರೀತಿಗೆ ಸ್ಪಾಟಿಂಗ್ ಅಂತಾರೆ. ಮೈ ತಿರುಗಿದ್ರೂ ಮುಖ ಎದುರಿಗಿರೋ ಒಂದು ಬಿಂದುವನ್ನೇ ನೋಡ್ತಾ ಉಳಿಯುತ್ತೆ, ಇನ್ನು ಕತ್ತು ತಿರುಗಲ್ಲ ಅನ್ನೋ ಹೊತ್ತಿಗೆ ತಲೆ ಸರ್ರನೆ ಸುತ್ತಿ ಮತ್ತೆ ಅದೇ ಬಿಂದುವಿಗೆ ಬಂದು ನಿಲ್ಲುತ್ತೆ.

ಆದ್ರೆ ಕತ್ತಲಲ್ಲಿ? ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 29 ಬ್ಯಾಲೆ ಡ್ಯಾನ್ಸರ್‌ಗಳನ್ನೂ 20 ಜನ ದೋಣಿ ಹುಟ್ಟು ಹಾಕೋ ಕ್ರೀಡಾಪಟುಗಳನ್ನೂ ಕತ್ತಲ ಕೋಣೆಯಲ್ಲಿ ಕುರ್ಚಿ ಮೇಲೆ ಕೂರಿಸಿ ತಿರುಗಿಸಿದ್ರು, ಎಲ್ರೂ ಹೆಂಗಸರೇ. 2013ರಲ್ಲಿ ಬಂದ ಫಲಿತಾಂಶ ನೋಡಿದ್ರೆ ಕುರ್ಚಿ ನಿಂತ ಮೇಲೆ ತಲೆ ಸುತ್ತೋ ಅನುಭವ ಡ್ಯಾನ್ಸರ್‌ಗಳಿಗೆ ಬೇಗ ಇಳಿದುಹೋಗಿತ್ತು, ಕಿವಿಯಿಂದ ಬರೋ ಸುದ್ದಿಯನ್ನ ಸಂಭಾಳಿಸೋ ಕಿರುಮೆದುಳಿನ ಒಂದು ಭಾಗ ಅವರಲ್ಲಿ ಚಿಕ್ಕದಾಗೂ ಇತ್ತು! ಅಂದ್ರೆ ವರ್ಷಗಟ್ಟಲೆ ಪ್ರಾಕ್ಟೀಸ್ ಮಾಡಿ ಮಾಡಿ ಕಿವಿ ಮಾತನ್ನ ಅಷ್ಟಾಗಿ ಕಿವಿಗೆ ಹಾಕ್ಕೊಳ್ಳದೆ ಇರೋದನ್ನ ಮೆದುಳು ಕಲ್ತಿರುತ್ತೆ. ತಲೆಸುತ್ತಿನ ಕಾಯಿಲೆಯಿಂದ ನರಳೋರಿಗೆ ಇದ್ರಿಂದ ಏನಾದ್ರೂ ದಾರಿ ಸಿಗಬಹುದಾ ಅನ್ನೋದೇ ಆ ಸಂಶೋಧಕರ ಆಸೆ, ನನಗಂತೂ ಇಡೀ ವಿಷಯದಲ್ಲಿ ತುಂಬಾ ಇಷ್ಟ ಆಗಿದ್ದು ಇದೇ.

ಇನ್ನು ಸುಮ್ಮನೆ ನಿಲ್ಲೋ ವಿಷಯಕ್ಕೆ ಬಂದ್ರೆ ಕಥೆ ಬೇರೆ. ಫ್ರಾನ್ಸಿನಲ್ಲಿ ಡ್ಯಾನ್ಸರ್‌ಗಳನ್ನ ಜೂಡೋ ಆಡೋರ ಜೊತೆ ಹೋಲಿಸಿ ನೋಡಿದ್ರು, 2002ರಲ್ಲಿ ಪ್ರಕಟ ಆಯ್ತು. ಕಣ್ಣು ಬಿಟ್ಟಾಗ ಇಬ್ರೂ ಸಾಮಾನ್ಯ ಜನರಿಗಿಂತ ಗಟ್ಟಿ, ಕಣ್ಣು ಮುಚ್ಚಿಸಿದ್ರೆ ಜೂಡೋದವರು ಮಾತ್ರ ಮುಂದೆ ಉಳಿದ್ರು. ಯೋಚಿಸಿದ್ರೆ ಸರಿಯಾಗೇ ಇದೆ, ಜೂಡೋದಲ್ಲಿ ಎದುರಾಳಿ ಬಟ್ಟೆ ಹಿಡಿದು ಎಳೀತಾ ತಳ್ತಾ ಇರ್ತಾನೆ, ಪಾದ, ಕೀಲು, ಸ್ನಾಯು ಹೇಳೋದನ್ನ ಕೇಳಲೇಬೇಕು, ಬ್ಯಾಲೆ ಕಲಿಯೋ ಮಗು ಮೊದಲ ದಿನದಿಂದ ದೊಡ್ಡ ಕನ್ನಡಿ ನೋಡ್ಕೊಂಡು ಮೈ ತಿದ್ಕೊಳ್ಳುತ್ತೆ.

ಆದ್ರೆ ಸ್ಟೇಜ್ ಮೇಲೆ ಕನ್ನಡಿ ಇಲ್ಲ, ಲೈಟು ಕಣ್ಣಿಗೆ ಹೊಡೀತಿರುತ್ತೆ, ಎದುರಿಗೆ ಬರೀ ಕತ್ತಲೆ. ಅದಕ್ಕೇ ಕ್ಲಾಸಲ್ಲಿ ಆಗಾಗ ಕನ್ನಡಿಗೆ ಬೆನ್ನು ಹಾಕಿ, ಒಮ್ಮೊಮ್ಮೆ ಕಣ್ಣು ಮುಚ್ಚಿಯೂ ಮಾಡಿಸ್ಬೇಕು ಅಂತ ನನ್ನ ಅಭಿಪ್ರಾಯ. ನೀವೂ ಗೋಡೆ ಪಕ್ಕ ಒಂಟಿಕಾಲಲ್ಲಿ ನಿಂತು ಕಣ್ಣು ಮುಚ್ಚಿ ನೋಡಿ, ಪಾದದ ಸಣ್ಣ ಸಣ್ಣ ಸ್ನಾಯುಗಳೆಲ್ಲ ಒಟ್ಟಿಗೆ ತಡಬಡಾಯಿಸೋದು ಗೊತ್ತಾಗುತ್ತೆ.