ಪಾಮ್ ಆಯಿಲ್ ತಿಂದ್ರೆ ಮೆದುಳಿನ ಪ್ರೋಟೀನ್‌ಗೆ ಕೊಬ್ಬು ಅಂಟ್ಕೊಳ್ಳುತ್ತಾ?

ಪ್ರಶ್ನೆ: ಪ್ರೋಟೀನ್‌ಗೆ ಪಾಮ್ ಆಯಿಲ್‌ನಲ್ಲಿರೋ ಪಾಮಿಟಿಕ್ ಆಸಿಡ್ ಅನ್ನೋ ಕೊಬ್ಬು ಅಂಟ್ಕೊಂಡು ನರದ ಕಾಯಿಲೆ ಬರುತ್ತೆ ಅಂತ ಓದಿದೆ. ಹಂಗಾದ್ರೆ ಮಕ್ಕಳಿಗೆ ಪಾಮ್ ಆಯಿಲ್‌ನಲ್ಲಿ ಕರಿದಿದ್ದು ಕೊಡೋದೇ ಬೇಡ್ವಾ?

ಉತ್ತರ: ಕರಿದಿದ್ದು ಕಮ್ಮಿ ಮಾಡಿ, ಹಾರ್ಟಿಗೆ ಒಳ್ಳೇದು, ಅದು ಬೇರೆ ವಿಷ್ಯ. ಈ ಪಾಮಿಟಿಕ್ ಆಸಿಡ್ ತುಪ್ಪದಲ್ಲೂ ಇದೆ, ತಾಯಿ ಹಾಲಲ್ಲೂ ಇದೆ, ತಿನ್ನದೇ ಇದ್ರೂ ನಮ್ ದೇಹ ತಾನೇ ಮಾಡ್ಕೊಳ್ಳುತ್ತೆ. ಪ್ರೋಟೀನ್‌ಗೆ ಅದು ಅಂಟೋದೇ ರೋಗ ಅಲ್ಲ, ಎಷ್ಟೋ ಪ್ರೋಟೀನ್‌ಗೆ ಅಂಟಲೇಬೇಕು. ನರಕೋಶದ ಪೊರೆ ಹತ್ರ ಇರ್ಬೇಕಾದ ಪ್ರೋಟೀನನ್ನ, ಹಸುನ ಗೂಟಕ್ಕೆ ಕಟ್ಟೋ ಥರ, ಅಲ್ಲೇ ಕಟ್ಟಿಡೋ ಹಗ್ಗ ಇದು, ಕಟ್ಟೋಕೆ ನಮ್ಮಲ್ಲಿ ಸುಮಾರು 23 ಎಂಜೈಮ್ ಇವೆ, ಬಿಚ್ಚೋಕೆ ಬೇರೆಯವು. ಎಡವಟ್ಟಾಗೋದು ಈ ಕಟ್ಟೋ ಬಿಚ್ಚೋ ಕೆಲ್ಸದಲ್ಲಿ, ಎಣ್ಣೆಯಲ್ಲಲ್ಲ.

ಬಿಚ್ಚೋದು ಕೆಟ್ರೆ ಏನಾಗುತ್ತೆ ಅನ್ನೋದಕ್ಕೆ ಸಿಎಲ್‌ಎನ್1 ಅನ್ನೋ ಬ್ಯಾಟನ್ ಕಾಯಿಲೆ ನೋಡಿ, ಬ್ಯಾಟನ್ ಅಂದ್ರೆ ಜೀನ್ ಕೆಟ್ಟು ಮಕ್ಕಳ ನರಕೋಶ ಹಾಳಾಗೋ ಕಾಯಿಲೆಗಳ ಗುಂಪು, ಅದರಲ್ಲಿ ಇದೊಂದು ಟೈಪ್. ಪಿಪಿಟಿ1 ಅನ್ನೋ ಎಂಜೈಮ್ ಲೈಸೋಸೋಮ್ (ಕೋಶದ ಕಸ ಕರಗಿಸೋ ಚೀಲ) ಒಳಗೆ ಹಳೇ ಪ್ರೋಟೀನ್‌ಗಳಿಂದ ಈ ಕೊಬ್ಬನ್ನ ಕೀಳ್ಬೇಕು, ಜೀನ್ ಕೆಟ್ಟಿದ್ರೆ ಕೀಳಲ್ಲ, ಕಸ ತುಂಬ್ತಾ ಹೋಗಿ ನರಕೋಶಗಳು ಸಾಯ್ತವೆ. ಮಗು ಮೊದಲ ತಿಂಗಳುಗಳಲ್ಲಿ ಚೆನ್ನಾಗೇ ಇರುತ್ತೆ, ಆಮೇಲೆ ಸಾಮಾನ್ಯವಾಗಿ 6 ರಿಂದ 24 ತಿಂಗಳ ಒಳಗೆ ಕಲ್ತಿದ್ದು ಒಂದೊಂದೇ ಮರೆಯೋಕೆ ಶುರು, ಎದ್ದು ನಿಲ್ತಿದ್ದ ಮಗು ಕೂರೋದಕ್ಕೂ ಕಷ್ಟಪಡುತ್ತೆ, ಫಿಟ್ಸ್ ಬರುತ್ತೆ, ಕಣ್ಣು ಹೋಗುತ್ತೆ. ಫಿನ್‌ಲ್ಯಾಂಡ್‌ನಲ್ಲಿ ಇದು ಜಾಸ್ತಿ, ಜೀನ್ ಯಾವ್ದು ಅಂತ ಗೊತ್ತಾಗಿದ್ದು 1995ರಲ್ಲಿ.

ಕಟ್ಟೋ ಕಡೆ ಹಂಟಿಂಗ್‌ಟನ್ ಕಾಯಿಲೆ ಇದೆ, ಅದು ಮೆದುಳಿನ ನರಕೋಶಗಳು ನಿಧಾನಕ್ಕೆ ಸಾಯೋ ವಂಶದ ಕಾಯಿಲೆ. ಅದರ ಮೂಲ ಜೀನ್‌ನಲ್ಲಿ ಸಿಎಜಿ ಅನ್ನೋ ಮೂರು ಡಿಎನ್ಎ ಅಕ್ಷರಗಳು ಮತ್ತೆ ಮತ್ತೆ ಬಂದು ಉದ್ದ ಬೆಳೆಯೋದು, ಆ ಮೂಲ ಕಾರಣ ಏನೂ ಬದಲಾಗಿಲ್ಲ, ಆದ್ರೆ ಹಂಗೆ ಕೆಟ್ಟ ಪ್ರೋಟೀನ್‌ಗೆ ಕೊಬ್ಬು ಸರಿಯಾಗಿ ಅಂಟಲ್ಲ, ಅಂಟದೇ ಇದ್ದಾಗ ಗಂಟುಗಟ್ಟೋದು ಜಾಸ್ತಿ ಅಂತ ಲ್ಯಾಬ್‌ನಲ್ಲಿ ಕಂಡಿದೆ. ಅಂದ್ರೆ ಇಲ್ಲಿ ತೊಂದ್ರೆ ಕೊಬ್ಬು ಕಮ್ಮಿ ಅಂಟೋದ್ರಿಂದ! ಪ್ರಶ್ನೆ ಕೇಳಿದವ್ರ ಭಯಕ್ಕೆ ಪೂರ್ತಿ ಉಲ್ಟಾ.

ನಮ್ಮ ಕಡೆ ಎಣ್ಣೆಗಿಂತ ಯೋಚ್ನೆ ಮಾಡ್ಬೇಕಾಗಿದ್ದು ಸೋದರಮಾವನ್ನ, ಅತ್ತೆ ಮಗನ್ನ ಮದ್ವೆ ಆಗೋ ಪದ್ಧತಿ ಬಗ್ಗೆ. ಸಿಎಲ್‌ಎನ್1 ಬರೋಕೆ ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಜೀನ್ ಬರ್ಬೇಕು, ರಕ್ತಸಂಬಂಧದಲ್ಲಿ ಅದರ ಚಾನ್ಸ್ ಜಾಸ್ತಿ. ಇಬ್ಬರೂ ಕ್ಯಾರಿಯರ್ (ಒಂದು ಕೆಟ್ಟ ಜೀನ್ ಇದ್ರೂ ತಮಗೆ ಕಾಯಿಲೆ ಇಲ್ಲದವ್ರು) ಆಗಿದ್ರೆ ಪ್ರತಿ ಬಸಿರಿಗೂ 25% ಅಪಾಯ. ಒಂದು ಮಗುಗೆ ಇದ್ರೆ ಮುಂದಿನ ಬಸಿರಿಗೆ ಮೊದ್ಲೇ ಜೆನೆಟಿಕ್ ಕೌನ್ಸೆಲರ್ ಹತ್ರ ಹೋಗಿ. ಒಣಗಿಸಿದ ರಕ್ತದ ಹನಿಯಲ್ಲೇ ಪಿಪಿಟಿ1 ಟೆಸ್ಟ್ ಮಾಡ್ತಾರೆ. ಇನ್ನೊಂದು, 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಬ್ಯಾಟನ್ ಔಷಧಿ ಇನ್ನೊಂದು ಟೈಪ್ ಆದ ಸಿಎಲ್‌ಎನ್2ಗೆ, ಸಿಎಲ್‌ಎನ್1ಗೆ ಅಲ್ಲ, ಯಾರಾದ್ರೂ ತರಿಸಿಕೊಡ್ತೀನಿ ಅಂದ್ರೆ ದುಡ್ಡು ಕೊಡೋಕೆ ಮುಂಚೆ ಯಾವ ಟೈಪ್ ಅಂತ ರಿಪೋರ್ಟ್ ನೋಡಿ.