ಕುಡತಿನಿಯ ಬೂದಿ ಮತ್ತು ಫೂಟ್ ಸಾಹೇಬರು

ಬಳ್ಳಾರಿ ಹತ್ತಿರದ ಕುಡತಿನಿ ಅಂದರೆ ಈಗ ನೆನಪಾಗುವುದು ಥರ್ಮಲ್ ಸ್ಟೇಷನ್ನಿನ ಬೂದಿ. ಆದರೆ ಊರು ದಾಟಿ ಹೊಸಪೇಟೆ ಕಡೆ ಹೋದರೆ ಇನ್ನೊಂದು ಬೂದಿ ಸಿಗುತ್ತದೆ, ದಿಬ್ಬದಷ್ಟು. ಅದಕ್ಕೆ ನಾಲ್ಕು ಸಾವಿರ ವರ್ಷಕ್ಕೂ ಜಾಸ್ತಿ ವಯಸ್ಸು. ಮೇಲೆ ಕಿಟ್ಟದಂಥ ಗಟ್ಟಿ ಪದರ, ಒಳಗೆ ಬಿಳಿ, ಬೂದು ಬಣ್ಣದ ಪುಡಿ. ಭೀಮ ಕೊಂದ ಹಿಡಿಂಬನನ್ನು ಸುಟ್ಟ ಬೂದಿ ಇದು ಅನ್ನುವುದು ಹಳೆಯ ನಂಬಿಕೆ. ಹಂಪಿ ಹತ್ತಿರದ ನಿಂಬಾಪುರದಲ್ಲೂ ಇಂಥದೇ ದಿಬ್ಬ ಇದೆ. ಅದು ವಾಲಿಯದಂತೆ!

1830ರ ದಶಕದಲ್ಲೇ ನ್ಯೂಬೋಲ್ಡ್ ಎಂಬ ಸೈನ್ಯಾಧಿಕಾರಿ ಈ ದಿಬ್ಬಗಳ ಬಗ್ಗೆ ಬರೆದಿದ್ದರು. ಆದರೆ ಅವುಗಳ ಗುಟ್ಟಿನ ಹತ್ತಿರ ಹೋದವರು ರಾಬರ್ಟ್ ಬ್ರೂಸ್ ಫೂಟ್. ಅವರು ಇತಿಹಾಸದ ಪ್ರೊಫೆಸರ್ ಅಲ್ಲ, ಭೂವಿಜ್ಞಾನಿ. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ಸೇರಿದರು. 1863ರಲ್ಲಿ ಮದ್ರಾಸಿನ ಪಲ್ಲಾವರಂನಲ್ಲಿ ಅವರಿಗೊಂದು ಕಲ್ಲಿನ ಕೈಗೊಡಲಿ ಸಿಕ್ಕಿತು. ನಮ್ಮ ದೇಶದಲ್ಲೂ ಹಳೆ ಶಿಲಾಯುಗದ ಜನ ಇದ್ದರು ಎಂಬ ಮಾತು ಗಟ್ಟಿಯಾಗಿದ್ದು ಅಲ್ಲಿಂದ.

ಬಳ್ಳಾರಿಯ ಗುಡ್ಡಗಳನ್ನು ಅವರು ಸುತ್ತಿದ್ದು ಬಂಡೆ, ಅದಿರು ನೋಡಲಿಕ್ಕೆ. ಕಪ್ಪಗಲ್ಲು, ಸಂಗನಕಲ್ಲುಗಳಲ್ಲಿ ನುಣ್ಣಗೆ ಉಜ್ಜಿದ ಕಲ್ಲುಗೊಡಲಿಗಳು ಸಿಕ್ಕವು. ಅಂಥ ಕೊಡಲಿ, ಮಡಕೆ ಚೂರು, ಎಲುಬು ಬೂದಿದಿಬ್ಬಗಳಲ್ಲೂ ಇದ್ದವು. ಅಂದರೆ ಇದು ಮನುಷ್ಯರ ಕೆಲಸ, ಸುಟ್ಟಿದ್ದು ದನದ ಸಗಣಿ ಎಂದು ಫೂಟ್ ಹೇಳಿದರು. ಕುಳ್ಳು ಸುಡುವ ನಾಡಿನಲ್ಲಿ ಇದೇನು ದೊಡ್ಡ ಮಾತು ಅನ್ನಿಸಬಹುದು. ಆದರೆ ಒಲೆಯ ಬೂದಿ ಕಲ್ಲಾಗುವುದಿಲ್ಲ, ಅಲ್ವಾ? ರಾಶಿಗಟ್ಟಲೆ ಸಗಣಿ ಒಟ್ಟಿಗೆ ಉರಿದಾಗ ಕಾವು ಬಹಳ ಏರುತ್ತದೆ. ಹುಲ್ಲಿನಲ್ಲಿರುವ ಸಿಲಿಕಾ ಕರಗಿ ಗಾಜಿನ ಹಾಗೆ ಗಟ್ಟಿಯಾಗುತ್ತದೆ. ಆ ಕಿಟ್ಟ ನೋಡಿಯೇ ಅನೇಕರು ದಾರಿ ತಪ್ಪಿದ್ದು. ಕಬ್ಬಿಣ ಕರಗಿಸಿದ ಜಾಗ ಅಂದವರಿದ್ದರು, ಸತಿ ಹೋದ ಜಾಗ ಅಂದವರೂ ಇದ್ದರು.

ಫೂಟ್ 1912ರಲ್ಲಿ ತೀರಿಕೊಂಡರು. ಅವರು ಕೂಡಿಟ್ಟ ವಸ್ತುಗಳು ಮದ್ರಾಸ್ ಮ್ಯೂಸಿಯಂ ಸೇರಿದ್ದವು. ವಾದ ಮಾತ್ರ ನಿಲ್ಲಲಿಲ್ಲ. 1960ರಲ್ಲಿ ಝಾಯ್ನರ್ ಎಂಬ ವಿಜ್ಞಾನಿ ಕುಡತಿನಿಯ ಬೂದಿಯನ್ನು ಪರೀಕ್ಷಿಸಿ ಸಗಣಿಯೇ ಎಂದರು. ಅದಕ್ಕೂ ಮುಂಚೆ, ರಾಯಚೂರು ಜಿಲ್ಲೆಯ ಪಿಕ್ಲಿಹಾಳದಲ್ಲಿ ಅಗೆದಿದ್ದ ಪುರಾತತ್ವಜ್ಞ ಆಲ್ಚಿನ್, ತೆಲಂಗಾಣದ ಉಟ್ನೂರಿನ ದಿಬ್ಬವನ್ನು ಅಗೆಸಿದ್ದರು. ಅಲ್ಲಿ ದನಗಳ ಗೊರಸಿನ ಗುರುತೇ ಸಿಕ್ಕಿತು. ದಿಬ್ಬ ಇದ್ದ ಜಾಗ ದನದ ದೊಡ್ಡಿ!

ಹಾಗಾದರೆ ಬೆಲೆಬಾಳುವ ಗೊಬ್ಬರವನ್ನು ಯಾಕೆ ಸುಟ್ಟರು? ಇದೊಂದು ಹಬ್ಬದ ಆಚರಣೆ ಇರಬಹುದು ಅನ್ನುವುದು ಆಲ್ಚಿನ್ ಅವರ ಊಹೆ. ಮೈಸೂರು ಕಡೆ ಸಂಕ್ರಾಂತಿಗೆ ದನಗಳನ್ನು ಕಿಚ್ಚು ಹಾಯಿಸುತ್ತಾರಲ್ಲ, ಆ ಥರ. ನನಗೆ ಈ ಊಹೆ ಹಿಡಿಸುತ್ತದೆ. ಆದರೆ ಎಲ್ಲರೂ ಒಪ್ಪಿಲ್ಲ.

ಸಂಗನಕಲ್ಲಿಗೆ 1940ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಸುಬ್ಬರಾವ್ ಅಗೆಯಲಿಕ್ಕೆ ಬಂದರು. ಆಮೇಲೆ ಧಾರವಾಡದ ಪುರಾತತ್ವಜ್ಞ ರವಿ ಕೋರಿಶೆಟ್ಟರ್ ಮತ್ತು ವಿದೇಶಿ ಸಂಗಾತಿಗಳು. ಅವರಿಗೆ ಸಿಕ್ಕಿದ್ದರಲ್ಲಿ ಸುಟ್ಟು ಕರಿಯಾದ ಹುರುಳಿ ಕಾಳೂ ಇತ್ತು. ಪಕ್ಕದ ಹಿರೇಗುಡ್ಡದಲ್ಲಿ ಕರಿಕಲ್ಲಿನ ಕೊಡಲಿ ಮಾಡುವ ದೊಡ್ಡ ಕಾರ್ಖಾನೆಯೇ ಇತ್ತೆಂದು ಗೊತ್ತಾಯಿತು. ಬಳ್ಳಾರಿಯ ಮ್ಯೂಸಿಯಂಗೆ ಇವತ್ತು ಫೂಟ್ ಹೆಸರಿದೆ.

ಒಂದು ಮಾತು ಬಿಟ್ಟಿದ್ದೆ. ಬಳ್ಳಾರಿ ಜಿಲ್ಲೆಯ ಭೂರಚನೆ ಬಗ್ಗೆ ಫೂಟ್ 1895ರಲ್ಲಿ ಒಂದು ಪುಸ್ತಕ ತಂದರು. ಸಂಡೂರಿನ ಕಬ್ಬಿಣದ ಅದಿರಿನ ವಿವರವೂ ಅದರಲ್ಲಿದೆ. ಅದಿರಿನ ಹಿಂದೆ ಲಾರಿಗಳು ಬಂದವು. ಬೂದಿಯ ಹಿಂದೆ ಬಂದವರು ಬೆರಳೆಣಿಕೆಯಷ್ಟು ಮಂದಿ. ಈ ನಡುವೆ ಎಷ್ಟೋ ದಿಬ್ಬಗಳನ್ನು ಜನ ಹೊಲಕ್ಕೆ ಗೊಬ್ಬರ ಎಂದು ಬಗೆದು ಒಯ್ದಿದ್ದಾರೆ. ಕಪ್ಪಗಲ್ಲಿನ ಗುಡ್ಡವನ್ನು, ದನಗಳ ಹಳೆಯ ಚಿತ್ರಗಳಿರುವ ಬಂಡೆಗಳ ಸಮೇತ, ಕಲ್ಲುಗಣಿಯವರು ಒಡೆಯುತ್ತಾ ಬಂದರು.